ಆರನೆಯ ಮುಖ

ಬಸ್ಸಿನಲ್ಲಿ ನಿಂತುಕೊಂಡೇ ವಕೀಲೆ ನೋವಿನ ಮುಖ ಮಾಡಿ ನೋಡುತ್ತಿದ್ದಳು. ಎದುರಿನ ಕಿಟಕಿಯ ಗಾಜಿನಲ್ಲಿ ಅವಳ ಮುಖ ಅರ್ಧ ಕಾಣುತ್ತಿತ್ತು. ಇನ್ನರ್ಧದಲ್ಲಿ ಅಂಗಡಿಗಳ ಬಾಗಿಲು, ದೀಪದ ಕಂಬ, ಮತ್ತೆ ಅಂಗಡಿಗಳು ಹರಿದುಹೋಗುತ್ತಿದ್ದವು. ಹುಬ್ಬು ಗಂಟಿಕ್ಕಿದರೆ ಸಿಟ್ಟು ಬಂದ ಹಾಗಿರುತ್ತದೆ, ಕಣ್ಣು ಮುಚ್ಚಿದರೆ ನಿದ್ದೆ ಬಂದ ಹಾಗೆ, ತುಟಿ ಕಚ್ಚಿದರೆ ಏನೋ ಕದ್ದು ಸಿಕ್ಕಿಬಿದ್ದ ಹಾಗೆ. ನೋವಿಗೆ ಅಂತಲೇ ಒಂದು ಮುಖ ಇರಲೇಬೇಕು, ಇಲ್ಲದಿದ್ದರೆ ಇಷ್ಟು ಜನ ಇನ್ನೊಬ್ಬರ ನೋವನ್ನು ಗುರುತು ಹಿಡಿಯುವುದಾದರೂ ಹೇಗೆ? ಬೆಳಿಗ್ಗೆ ಬಚ್ಚಲುಮನೆಯ ಕನ್ನಡಿಯ ಮುಂದೆ ಇದನ್ನೇ ಮಾಡುತ್ತಿದ್ದಾಗ ಗಂಡ ಹಲ್ಲುಜ್ಜುತ್ತಾ ಹಿಂದೆ ಬಂದು ನಿಂತು, ಹೊಟ್ಟೆ ನೋಯುತ್ತಿದೆಯೇ ಎಂದು ಕೇಳಿದ್ದ. ಇಲ್ಲ ಎಂದಾಗ, ಹಾಗಾದರೆ ನನ್ನ ಮೇಲೆ ಸಿಟ್ಟೇ ಎಂದು ಕೇಳಿದ್ದ. ಅದೂ ಅಲ್ಲ ಎಂದಾಗ, ಇವೆರಡನ್ನು ಬಿಟ್ಟರೆ ಹೆಂಡತಿಯ ಮುಖದಲ್ಲಿ ಇನ್ನೇನಿರಲು ಸಾಧ್ಯ ಎನ್ನುವ ಹಾಗೆ ನೊರೆ ಉಗುಳಿ ಹೋಗಿದ್ದ. ಈಗ ಅವಳು ಕೆನ್ನೆಯನ್ನು ಒಳಗೆ ಎಳೆದುಕೊಂಡು, ಒಂದು ಕಣ್ಣನ್ನು ಮಾತ್ರ ಸ್ವಲ್ಪ ಕಿರಿದು ಮಾಡಿ, ಉಸಿರು ಹಿಡಿದು ನೋಡಿದಳು. ಪರವಾಗಿಲ್ಲ ಅನ್ನಿಸಿತು. ಅಷ್ಟರಲ್ಲಿ ಹತ್ತಿರದ ಸೀಟಿನಿಂದ ಒಬ್ಬ ಮುದುಕ ಊರುಗೋಲು ಊರಿಕೊಂಡು ಎದ್ದು ನಿಂತ. "ಕೂತ್ಕೊಳ್ಳಮ್ಮಾ. ತುಂಬಾ ನೋಯ್ತಾ ಇದೆ ಅಂತ ಕಾಣುತ್ತೆ."

ಇಲ್ಲ, ನಾನು ಸುಮ್ಮನೆ ಮಾಡಿ ನೋಡುತ್ತಿದ್ದೆ ಎಂದು ಹೇಳುವುದು ಹೇಗೆ? ಸುತ್ತಲಿನವರೆಲ್ಲ ಆಗಲೇ ದಾರಿ ಬಿಟ್ಟಿದ್ದರು. ಅವಳು ಕುಳಿತಳು. ಮುದುಕ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೇಲಿನ ಸರಳು ಹಿಡಿದು, ಬಸ್ಸು ತಿರುಗಿದಾಗೆಲ್ಲ ಒಗೆದು ಹಾಕಿದ ಅಂಗಿಯ ಹಾಗೆ ತೂಗಾಡತೊಡಗಿದ. ಎದ್ದು ಜಾಗ ಬಿಟ್ಟುಕೊಡೋಣವೆಂದರೆ ತನಗೆ ನೋವಿಲ್ಲವೆಂದು ಒಪ್ಪಿಕೊಂಡಂತೆ. ಕೂತೇ ಇರೋಣವೆಂದರೆ ಅವನ ಮೊಣಕಾಲು ನಡುಗುವುದು ಕಣ್ಣಿಗೆ ಕಾಣುತ್ತದೆ. ಮುಖ ಸಡಿಲ ಬಿಡುವಂತೆಯೂ ಇರಲಿಲ್ಲ, ಅವನು ಆಗಾಗ ಬಗ್ಗಿ ಕರುಣೆಯಿಂದ ನೋಡುತ್ತಿದ್ದ. ಎಲ್ಲಿ ನೋಯುತ್ತಿದೆ ಎಂದು ಕೇಳಿದರೆ ಏನು ಹೇಳುವುದೆಂದು ಯೋಚಿಸಿ ಸೊಂಟವೆಂದು ನಿಶ್ಚಯಿಸಿದಳು. ತನ್ನ ನಿಲ್ದಾಣ ಬಂದಾಗ ಸೊಂಟ ಹಿಡಿದುಕೊಂಡು ಇಳಿದಳು, ಇಳಿದ ಮೇಲೆ ಯಾಕೋ ಕುಂಟಿದಳು. ಕುಂಟುವುದು ಕಾಲು ನೋವಿಗಲ್ಲವೇ ಎಂದು ಹೊಳೆಯುವಷ್ಟರಲ್ಲಿ ತಡವಾಗಿತ್ತು. ಕಿಟಕಿಯಿಂದ ಮುದುಕ ಕೈಬೀಸಿ ಧೈರ್ಯ ಹೇಳುತ್ತಿದ್ದ. ಬಸ್ಸು ಮರೆಯಾಗುವವರೆಗೂ ಕುಂಟಿಕೊಂಡೇ ಹೋದಳು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಆದರೆ ಆ ನಾಚಿಕೆಯ ಅಡಿಯಲ್ಲೆಲ್ಲೋ ಸಣ್ಣ ಸಂತೋಷವೂ ಇತ್ತು: ಒಬ್ಬನಾದರೂ ನಂಬಿದ. ಇದೇ ಮುಖವನ್ನು ತನ್ನ ಕಕ್ಷಿದಾರಳಾದ ಇಸ್ತ್ರಿಯಕ್ಕನಿಗೆ ಕಲಿಸಿಬಿಟ್ಟರೆ ಸಾಕು. ಮಧ್ಯಾಹ್ನ ಮೇಲ್ಮನವಿ ಮಂಡಳಿಯ ಎದುರು ಆಕೆಯ ವಿಚಾರಣೆ ಇತ್ತು.

ಕಚೇರಿ ಇದ್ದದ್ದು ಒಂದು ಟೈರಿನ ಅಂಗಡಿಯ ಮಹಡಿಯ ಮೇಲೆ. ಕೈಯಲ್ಲಿ ಕಾಸಿಲ್ಲದವರಿಗೆ, ಸರ್ಕಾರದ ಆರೋಗ್ಯ ರಕ್ಷಣೆ ಸಿಗದೆ ಹೋದಾಗ ಅವರ ಪರವಾಗಿ ಪುಕ್ಕಟೆಯಾಗಿ ವಾದಿಸುವ ಸಂಸ್ಥೆ ಅದು. ಮೆಟ್ಟಿಲಲ್ಲೂ ರಬ್ಬರಿನ ವಾಸನೆ, ಮೇಜಿನ ಮೇಲೆ ರಬ್ಬರಿನ ಧೂಳು. ಯಾರಾದರೂ ಕಕ್ಷಿದಾರರು ತಮ್ಮ ಕಷ್ಟ ಹೇಳಿಕೊಂಡು ಕಣ್ಣೊರೆಸಿಕೊಳ್ಳುವಾಗ ಕೆಳಗಿನಿಂದ ಗಾಳಿ ಬಿಡುವ ಯಂತ್ರ ಉಸ್ಸೆಂದು ನಿಟ್ಟುಸಿರು ಬಿಡುತ್ತಿತ್ತು. ಇಸ್ತ್ರಿಯಕ್ಕ ಮೊದಲ ಸಲ ಬಂದದ್ದು ನಗುತ್ತಲೇ. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುವ ಹೆಂಗಸು, ಐವತ್ತರ ಆಚೀಚೆ. ಬಂದವಳೇ ಕುರ್ಚಿಯ ತುದಿಯಲ್ಲಿ ಕೂತು ಬಿದ್ದು ಬಿದ್ದು ನಕ್ಕಳು. ಯಾವುದೋ ಕಕ್ಷಿದಾರಳು ಗೆದ್ದು ಸಿಹಿ ಸುದ್ದಿ ಹೇಳಲು ಬಂದಿದ್ದಾಳೆಂದುಕೊಂಡು ವಕೀಲೆಯೂ ನಕ್ಕಿದ್ದಳು. ಆಮೇಲೆ ತಿಳಿಯಿತು, ಮೆಟ್ಟಿಲಿನ ಕಂಬಿ ಹಿಡಿದು ಹತ್ತಿದ್ದರಿಂದ ಆಕೆಯ ಬೆರಳ ಗಂಟುಗಳು ಉರಿಯುತ್ತಿದ್ದವು. ಆಕೆಯ ಮೈಯಲ್ಲಿ ಎಲ್ಲೋ ಒಂದು ತಂತಿ ತಪ್ಪಾಗಿ ಜೋಡಿಸಿಕೊಂಡಿತ್ತು. ಬೇರೆಯವರು ಚೀರುವ ಕಡೆ ಆಕೆ ನಗುತ್ತಿದ್ದಳು. ನೋವು ಹೆಚ್ಚಾದಷ್ಟೂ ನಗು ಹೆಚ್ಚು. ಹೆರಿಗೆಯಲ್ಲಿ ನಕ್ಕಿದ್ದಳಂತೆ, ಇಸ್ತ್ರಿಪೆಟ್ಟಿಗೆ ಕಾಲ ಮೇಲೆ ಬಿದ್ದಾಗ ನಕ್ಕಿದ್ದಳಂತೆ. ಕೀಲುವಾತ ಕೈಗಳನ್ನು ಶುಂಠಿಯ ಗಂಟಿನಂತೆ ತಿರುಚುತ್ತಿತ್ತು. ಆಸ್ಪತ್ರೆಯ ಡಾಕ್ಟರು ತಿಂಗಳಿಗೊಂದು ಇಂಜೆಕ್ಷನ್ ಬರೆದಿದ್ದರು, ಅದಿಲ್ಲದಿದ್ದರೆ ಬೆರಳುಗಳು ಮಡಚಿದಲ್ಲೇ ನಿಂತುಬಿಡುತ್ತವೆ ಎಂದಿದ್ದರು. ಅದರ ಖರ್ಚಿಗೆ ಸರ್ಕಾರದ ಆರೋಗ್ಯ ಯೋಜನೆಯವರು ಒಪ್ಪಬೇಕಿತ್ತು. ಎರಡು ಸಲ ಇಲ್ಲವೆಂದಿದ್ದರು.

ಕಾರಣ ಒಂದು ಚಿತ್ರಪಟ. ಯೋಜನೆಯವರ ತಪಾಸಣೆಯ ಕೋಣೆಯಲ್ಲಿ ಗೋಡೆಗೆ ತಗುಲಿಹಾಕಿದ್ದ ಆ ಪಟದಲ್ಲಿ ಸಾಲಾಗಿ ಆರು ಮುಖಗಳು. ಮೊದಲನೆಯದು ಹಲ್ಲು ಕಾಣುವಂತೆ ನಗುತ್ತಿತ್ತು, ಅದಕ್ಕೆ ನೋವಿಲ್ಲ ಎಂದರ್ಥ. ಆಮೇಲಿನವು ಒಂದೊಂದಾಗಿ ಬಾಡುತ್ತಾ ಹೋಗಿ, ಆರನೆಯದು ಕಣ್ಣೀರು ಸುರಿಸುತ್ತಿತ್ತು. ನಿಮ್ಮದು ಯಾವ ಮುಖ, ತೋರಿಸಿ ಎಂದರಂತೆ ತಪಾಸಣೆಯ ವೈದ್ಯರು. ಇಸ್ತ್ರಿಯಕ್ಕ ಎರಡು ಸಲವೂ ನಗುವ ಮುಖದ ಮೇಲೆ ಬೆರಳಿಟ್ಟಿದ್ದಳು. ಯಾಕೆ ಹಾಗೆ ಮಾಡಿದಿರಿ ಎಂದು ವಕೀಲೆ ಹಣೆ ಚಚ್ಚಿಕೊಳ್ಳುವಂತಾಗಿ ಕೇಳಿದಾಗ ಆಕೆಗೇ ಆಶ್ಚರ್ಯ. "ನನ್ನ ಮುಖ ಯಾವುದು ಅಂತ ಅಲ್ವಾ ಕೇಳಿದ್ದು, ಲಾಯರಮ್ಮಾ? ನೋವು ಬಂದಾಗ ನನ್ನ ಮುಖ ಹಂಗೇ ಇರುತ್ತೆ. ಅತ್ತಿರೋ ಮುಖ ತೋರಿಸಿದ್ರೆ ಸುಳ್ಳಾಗಲ್ವಾ?" ವಕೀಲೆ ಆಸ್ಪತ್ರೆಯ ಡಾಕ್ಟರಿಂದ ಎಲ್ಲವನ್ನೂ ವಿವರಿಸುವ ಪತ್ರ ಬರೆಸಿ ಕಳಿಸಿದ್ದಳು. ಅರ್ಜಿದಾರಳು ಸ್ವತಃ ತೋರಿಸಿದ ಮುಖವೇ ಅಂತಿಮ, ಇನ್ನೊಬ್ಬರು ಆಕೆಯ ಪರವಾಗಿ ಮುಖ ತೋರಿಸಲು ನಿಯಮದಲ್ಲಿ ಅವಕಾಶವಿಲ್ಲ ಎಂದು ಉತ್ತರ ಬಂದಿತ್ತು. ಉಳಿದದ್ದು ಮಂಡಳಿಯ ಎದುರಿನ ವಿಚಾರಣೆ. ಅಲ್ಲಿಯೂ ಪಟ ಇರುತ್ತದೆ, ಅಲ್ಲಿಯೂ ಕೇಳುತ್ತಾರೆ.

ಹಾಗಾಗಿ ಕೆಲವು ವಾರಗಳಿಂದ ಟೈರಿನಂಗಡಿಯ ಮೇಲೆ ಒಂದು ವಿಚಿತ್ರ ಶಾಲೆ ನಡೆಯುತ್ತಿತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ವಕೀಲೆ ಆರು ಮುಖ ಬರೆದು ಗೋಡೆಗೆ ಅಂಟಿಸಿದ್ದಳು. ಅವಳು ಬರೆದದ್ದರಲ್ಲಿ ಆರೂ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದವು. ತಾನೇ ಮಂಡಳಿಯ ಅಧ್ಯಕ್ಷರಾಗಿ ಪ್ರಶ್ನೆ ಕೇಳುತ್ತಿದ್ದಳು. ಇಸ್ತ್ರಿಯಕ್ಕ ಎರಡು ಮಾತು ನೆಟ್ಟಗೆ ಹೇಳಿ ಮೂರನೆಯದಕ್ಕೆ ಕಿಸಕ್ಕನೆ ನಕ್ಕುಬಿಡುತ್ತಿದ್ದಳು. ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಳ್ಳಿ ಎಂದು ವಕೀಲೆ ಹೇಳಿಕೊಟ್ಟಳು. ಕಚ್ಚಿದ್ದು ನೋಯಿತು, ನಗು ಇನ್ನೂ ಹೆಚ್ಚಾಯಿತು. ಬದುಕಿನಲ್ಲಿ ಎಲ್ಲಕ್ಕಿಂತ ದುಃಖದ್ದನ್ನು ನೆನಪು ಮಾಡಿಕೊಳ್ಳಿ ಎಂದಳು. ಇಸ್ತ್ರಿಯಕ್ಕ ಕಣ್ಣು ಮುಚ್ಚಿ ನೆನೆದುಕೊಂಡು, ಭುಜ ಕುಲುಕಿಸಿ ನಗತೊಡಗಿದಳು. ಏನು ನೆನಪಾಯಿತೆಂದು ಕೇಳಿದರೆ ಗಂಡ ಸತ್ತದ್ದು ಎಂದಳು. ಆ ದಿನವೂ ಹೀಗೇ ಆಗಿತ್ತಂತೆ. ಅಂದಿನಿಂದ ಅತ್ತೆ ಮಾತು ಬಿಟ್ಟಿದ್ದಾಳಂತೆ. ವಕೀಲೆಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಿಜ ಹೇಳಿದ್ದಕ್ಕೆ ಸುಳ್ಳುಗಾತಿ ಎನ್ನಿಸಿಕೊಂಡವಳಿಗೆ ನಾನು ಸುಳ್ಳು ಕಲಿಸುತ್ತಿದ್ದೇನೆ, ನಿಜವೆಂದು ನಂಬಲಿ ಎಂದು. ಇದರಲ್ಲಿ ನ್ಯಾಯ ಯಾವುದು, ನಾಟಕ ಯಾವುದು? ಒಂದು ಸಂಜೆಯಂತೂ ಅವಳಿಗೆ ತಾನು ಯಾರೆಂದೇ ಮರೆತುಹೋಗಿತ್ತು. ನೋವು ಬಂದಾಗ ತಡೆದುಕೊಳ್ಳುವುದು ಅಭ್ಯಾಸವಾಗಬೇಕಲ್ಲವೇ ಎಂದು ಇಸ್ತ್ರಿಯಕ್ಕನ ತೋರುಬೆರಳನ್ನು ಹಿಡಿದು ಮೆಲ್ಲಗೆ ಅದುಮಿದ್ದಳು. ಇಸ್ತ್ರಿಯಕ್ಕ ನಕ್ಕಳು. ನಗಬೇಡಿ, ನಗಬೇಡಿ ಎನ್ನುತ್ತಾ ಇನ್ನಷ್ಟು ಅದುಮಿದಳು. ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು, ಕುರ್ಚಿಯಿಂದ ಜಾರುತ್ತಾ, ಉಸಿರು ಸಿಕ್ಕದೆ ನಗುತ್ತಿದ್ದಳು. ಆದರೂ ವಕೀಲೆಯ ಕೈ ಬಿಡಲೇ ಇಲ್ಲ, ಬಿಡಬೇಕೆಂದು ಗೊತ್ತಿದ್ದೂ ಬಿಡಲಿಲ್ಲ. ಎದುರಿನ ಬಾಯಿ ನಗುತ್ತಿರುವಾಗ ಆ ನೋವು ನಿಜವೆಂದು ಕೈಗೆ ತಿಳಿಯುವುದೇ ಇಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡದ್ದು ಆಮೇಲೆ. ಕ್ಷಮಿಸಿ ಎಂದು ಕೇಳಿದಾಗ ಇಸ್ತ್ರಿಯಕ್ಕ ಬೆರಳನ್ನು ಕಂಕುಳಲ್ಲಿಟ್ಟುಕೊಂಡು, ನೀವು ನನ್ನ ಒಳ್ಳೇದಕ್ಕೇ ಮಾಡಿದ್ದಲ್ವಾ ಎಂದಿದ್ದಳು.

ಇವತ್ತು ಆಕೆ ಬೇರೆಯೇ ಆಗಿ ಬಂದಿದ್ದಳು. ಕೂದಲು ಬಿಗಿದು ಕಟ್ಟಿ, ಇಸ್ತ್ರಿ ಮಾಡಿದ ಬೂದು ಅಂಗಿ ತೊಟ್ಟು, ಗುರುತಿನ ಚೀಟಿಗೆ ತೆಗೆಸಿದ ಫೋಟೋದಂಥ ಮುಖ ಹೊತ್ತು ಮಂಡಳಿಯ ಕಟ್ಟಡದ ಹೊರಗೆ ಕಾಯುತ್ತಿದ್ದಳು. ವಕೀಲೆ ಬಸ್ಸಿನಲ್ಲಿ ಗೆದ್ದ ಮುಖವನ್ನು ಮಾಡಿ ತೋರಿಸಿದಳು: ಕೆನ್ನೆ ಒಳಗೆ, ಒಂದು ಕಣ್ಣು ಕಿರಿದು. ಇಸ್ತ್ರಿಯಕ್ಕ ಅದನ್ನು ಗಮನವಿಟ್ಟು ನೋಡಿ, ನಿಮಗೆ ಹಲ್ಲು ನೋಯ್ತಾ ಇದೆಯಾ ಎಂದು ಕೇಳಿದಳು. ಮತ್ತೆ ತಾನೇ, ಏನೂ ಬೇಡ ಲಾಯರಮ್ಮಾ, ನಾನು ದಾರಿ ಕಂಡುಕೊಂಡಿದೀನಿ, ಹೊದಿಕೆಗೆ ಇಸ್ತ್ರಿ ಹಾಕ್ತಾ ಇದೀನಿ ಅಂದ್ಕೋತೀನಿ, ಒಂದಾದ ಮೇಲೆ ಒಂದು, ಬೇರೇನೂ ನೋಡಲ್ಲ ಎಂದಳು. ಕಾಯುವ ಬೆಂಚಿನಲ್ಲಿ ಅವರಿಬ್ಬರು ಅಕ್ಕತಂಗಿಯರ ಹಾಗೆ ಮೈಗೆ ಮೈ ತಾಗಿಸಿ ಕೂತರು. ವಕೀಲೆಗೆ ಯಾಕೋ ಹಳೆಯದೊಂದು ನೆನಪಾಯಿತು: ಸಣ್ಣವಳಿದ್ದಾಗ ಶಾಲೆಯ ಮೌನ ಪ್ರಾರ್ಥನೆಯಲ್ಲಿ ತಾನೊಬ್ಬಳೇ ನಕ್ಕು ಸಾಲಿನಿಂದ ಹೊರಗೆ ನಿಂತದ್ದು, ಯಾಕೆ ನಕ್ಕೆ ಹೇಳು ಎಂದು ಮುಖ್ಯೋಪಾಧ್ಯಾಯಿನಿ ಕೇಳುತ್ತಲೇ ಇದ್ದದ್ದು, ಕಾರಣ ಇಲ್ಲದ್ದಕ್ಕೆ ಕಾರಣ ಹುಡುಕಿ ಹುಡುಕಿ ಕೊನೆಗೆ ಪಕ್ಕದ ಹುಡುಗಿಯ ರಿಬ್ಬನ್ನಿನ ಮೇಲೆ ತಪ್ಪು ಹೊರಿಸಿದ್ದು. ಆ ಹುಡುಗಿಯ ಮುಖ ಈಗ ನೆನಪಿಲ್ಲ, ರಿಬ್ಬನ್ನು ನೆನಪಿದೆ. ಒಳಗಿನಿಂದ ಕರೆ ಬಂತು.

ಕೋಣೆ ಕಿರಿದಾಗಿತ್ತು, ಮೇಜು ಮಾತ್ರ ವಿಪರೀತ ದೊಡ್ಡದಾಗಿತ್ತು. ಅದನ್ನು ಒಳಗಿಟ್ಟ ಮೇಲೆ ಗೋಡೆ ಕಟ್ಟಿದ ಹಾಗಿತ್ತು. ಮೇಜಿನ ಆಚೆ ಮಂಡಳಿಯ ಅಧ್ಯಕ್ಷರು, ಅವರ ಎಡಕ್ಕೆ ವೈದ್ಯ ಸದಸ್ಯರು, ಬಲಕ್ಕೆ ಟೈಪು ಮಾಡುವ ಗುಮಾಸ್ತೆ. ಗೋಡೆಯ ಮೇಲೆ ಆರು ಮುಖಗಳು. ಅಧ್ಯಕ್ಷರು ಎತ್ತರದ ಬೆನ್ನಿನ ಹೊಸ ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, ಗಂಭೀರವಾಗಿ ಆರಂಭಿಸಿದರು: ಈ ಮಂಡಳಿ ಬಡವರು, ಶ್ರೀಮಂತರು ಎಂದು ಭೇದ ಎಣಿಸುವುದಿಲ್ಲ, ಯಾರನ್ನೂ ತನಗಿಂತ ಕೆಳಗಿಟ್ಟು ನೋಡುವುದಿಲ್ಲ. ಅವರು ಹೀಗೆನ್ನುತ್ತಿದ್ದಾಗಲೇ ಕುರ್ಚಿ ಮೆಲ್ಲಗೆ ಉಸ್ಸೆನ್ನುತ್ತಾ ಕೆಳಗಿಳಿಯತೊಡಗಿತು. ಮೊದಲು ಅಂಗಿಯ ಮೂರನೆಯ ಗುಂಡಿ ಮೇಜಿನ ಹಿಂದೆ ಮರೆಯಾಯಿತು, ಆಮೇಲೆ ಎರಡನೆಯದು. ಅವರ ದನಿಯಲ್ಲಿ ಏನೂ ಏರುಪೇರಾಗಲಿಲ್ಲ. ವೈದ್ಯ ಸದಸ್ಯರು ಗೌರವದಿಂದ ಅವರತ್ತಲೇ ನೋಡುತ್ತಾ ತಮ್ಮ ನೋಟವನ್ನು ಕ್ರಮವಾಗಿ ಇಳಿಸುತ್ತಿದ್ದರು. ಗುಮಾಸ್ತೆ ಟೈಪು ಮಾಡುತ್ತಲೇ, ಇದು ದಿನನಿತ್ಯದ ಕೆಲಸ ಎನ್ನುವ ಹಾಗೆ, ಅಧ್ಯಕ್ಷರ ಹೆಸರಿನ ಫಲಕವನ್ನು ಪಕ್ಕಕ್ಕೆ ಸರಿಸಿ ಅವರ ಮುಖಕ್ಕೆ ದಾರಿ ಮಾಡಿಕೊಟ್ಟಳು. ಗಲ್ಲ ಮೇಜಿನ ಅಂಚಿಗೆ ಬಂದಾಗ ಅಧ್ಯಕ್ಷರು ಮಾತು ನಿಲ್ಲಿಸದೆಯೇ ಬಗ್ಗಿ ಏನನ್ನೋ ಎಳೆದರು, ಧಡಕ್ಕನೆ ಮೇಲೆ ಬಂದರು, ಮುಂದುವರಿಸಿದರು. ಮತ್ತೆ ಇಳಿಯತೊಡಗಿದರು.

ವಕೀಲೆ ಕಣ್ಣನ್ನು ನೆಲಕ್ಕೆ ಹಾಕಿದಳು. ನನಗಲ್ಲ, ಇವತ್ತು ನಗದೆ ಇರಬೇಕಾದವಳು ನಾನಲ್ಲ, ನನಗೆ ಈ ರೋಗ ಇಲ್ಲ ಎಂದು ಹೇಳಿಕೊಂಡಳು. ಪಕ್ಕದಲ್ಲಿ ಇಸ್ತ್ರಿಯಕ್ಕ ಕಲ್ಲಿನ ಹಾಗೆ ಕೂತಿದ್ದಳು. ಮಡಿಲಲ್ಲಿ ಆಕೆಯ ಬಲಗೈ ಮೆಲ್ಲಗೆ ಅತ್ತಿತ್ತ ಸರಿಯುತ್ತಿತ್ತು, ಕಾಣದ ಹೊದಿಕೆಗೆ ಇಸ್ತ್ರಿ ಹಾಕುತ್ತಾ. ದಿನನಿತ್ಯದಲ್ಲಿ ಏನೇನು ತೊಂದರೆ ಎಂದು ವೈದ್ಯ ಸದಸ್ಯರು ಕೇಳಿದರು. ಆಕೆ ಕಲಿತದ್ದನ್ನೆಲ್ಲ ಹೇಳಿದಳು, ಒಂದೇ ಸಮದ ದನಿಯಲ್ಲಿ, ತುಟಿ ಅಲುಗಿಸದೆ. ಬೆಳಿಗ್ಗೆ ನಲ್ಲಿ ತಿರುಗಿಸಲು ಆಗುವುದಿಲ್ಲ, ಮುಂಗೈಯಿಂದ ತಳ್ಳುತ್ತೇನೆ. ಬೀಗದ ಕೈ ಬಾಯಲ್ಲಿ ಕಚ್ಚಿ ತಿರುಗಿಸುತ್ತೇನೆ. ಅಧ್ಯಕ್ಷರು ಇಳಿಯುತ್ತಾ ತಲೆದೂಗುತ್ತಿದ್ದರು. ವಕೀಲೆ ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದಳು, ಹೆಬ್ಬೆರಳಿಗೆ ಉಗುರು ಚುಚ್ಚಿದಳು, ಬದುಕಿನ ದುಃಖಗಳನ್ನೆಲ್ಲ ಕರೆದಳು, ಒಂದೂ ಬರಲಿಲ್ಲ. "ನನ್ನ ಅಂಗಿ ಗುಂಡಿ ನನಗೆ ಹಾಕ್ಕೊಳ್ಳೋಕಾಗಲ್ಲ," ಎನ್ನುತ್ತಿದ್ದಳು ಇಸ್ತ್ರಿಯಕ್ಕ, "ಮಗಳು ಮನೇಲಿಲ್ಲದ ದಿನ ಬೆಳಿಗ್ಗೆ ಎದ್ದು, ಅಂಗಿ ಎದೆ ಮೇಲೆ ಹಿಡ್ಕೊಂಡು, ಪಕ್ಕದ ಮನೆ ಬಾಗಿಲು ತಟ್ತೀನಿ." ಅಧ್ಯಕ್ಷರ ಕತ್ತಿನ ಗುಂಡಿ ಆಗಷ್ಟೇ ಮೇಜಿನಂಚಿನಲ್ಲಿ ಮುಳುಗಿತು, ಅದರ ಹಿಂದೆಯೇ ಗಲ್ಲ, ಬಾಯಿ, ಮೂಗು. ಅವರ ಎರಡು ಕಣ್ಣು ಮಾತ್ರ, ಅಪಾರ ಕರುಣೆಯಿಂದ ತುಂಬಿದ ಎರಡು ಕಣ್ಣು, ಮೇಜಿನ ಮೇಲಿಟ್ಟ ಎರಡು ವಸ್ತುಗಳ ಹಾಗೆ ಉಳಿದವು. ವಕೀಲೆಯ ಮೂಗಿನಿಂದ ಸೀನಿನಂಥ ಒಂದು ಸದ್ದು ಬಂತು. ಕೆಮ್ಮಾಗಿ ತಿರುಗಿಸಲು ನೋಡಿದಳು. ಕೆಮ್ಮಿನ ಬಾಲ ಹಿಡಿದು ಇನ್ನೊಂದು ಬಂತು. ಆಮೇಲೆ ಏನೂ ಅವಳ ಕೈಯಲ್ಲಿರಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಆ ಇಕ್ಕಟ್ಟಿನ ಕೋಣೆಯಲ್ಲಿ ಅದು ಬೇರೆ ಯಾರದೋ ನಗುವಿನ ಹಾಗೆ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಕ್ಷಮಿಸಿ ಎಂದಳು, ಅದೂ ನಗುವಾಗಿಯೇ ಹೊರಬಿತ್ತು.

ಗುಮಾಸ್ತೆಯ ಬೆರಳುಗಳು ನಿಂತವು. ಇಸ್ತ್ರಿಯಕ್ಕ ತಿರುಗಿ ನೋಡಿದಳು. ಅಷ್ಟು ಹೊತ್ತು ಕಾಣದ ಹೊದಿಕೆಗಳ ಮೇಲೆ ಓಡುತ್ತಿದ್ದ ಕೈ ಸ್ತಬ್ಧವಾಯಿತು. "ನಗ್ತಾ ಇದೀರಾ?" ಎಂದಳು. ದನಿ ಸಣ್ಣದಾಗಿತ್ತು. "ನನ್ನ ಅಂಗಿ ಗುಂಡಿ ಮಾತು ನಿಮಗೆ ತಮಾಷೆಯಾಯ್ತಾ, ಲಾಯರಮ್ಮಾ? ಇಷ್ಟು ದಿನ ಜೊತೇಲಿ ಕೂರಿಸ್ಕೊಂಡು ಕೇಳಿದ್ದು ಇದಕ್ಕಾ?" ಆಕೆ ಎದ್ದು ನಿಂತು ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟಳು, ಅಧ್ಯಕ್ಷರ ಕಣ್ಣುಗಳ ಮುಂದೆಯೇ. ಆಮೇಲೆ ಆಕೆ ಹೇಳಿದ್ದು ಯಾವುದೂ ಕಲಿಸಿದ್ದಲ್ಲ. ಹೋಟೆಲಿನಲ್ಲಿ ಬೇರೆಯವರು ಊಟಕ್ಕೆ ಹೋದ ಮೇಲೆ ಇಸ್ತ್ರಿಯ ಬಿಸಿ ಹಬೆಯಲ್ಲಿ ಕೈಯಿಟ್ಟುಕೊಂಡು ಕೂರುವುದು. ಈ ಬೆರಳು ಬದುಕಿದೆಯೋ ಎಂದು ಪರೀಕ್ಷಿಸಲು ಕಚ್ಚಿ ನೋಡುವುದು. ಬಚ್ಚಲಲ್ಲಿ ತೊಳೆದುಕೊಳ್ಳಲಾರದೆ ಮಗಳ ಮುಂದೆ ತಲೆ ತಗ್ಗಿಸುವುದು, ಮಗಳು ಗೋಡೆ ನೋಡುತ್ತಾ ತೊಳೆಯುವುದು. ಇಷ್ಟಾದರೂ ಜನ ಬಂದು, ನೀನು ಯಾವಾಗಲೂ ಎಷ್ಟು ಖುಷಿಯಾಗಿರುತ್ತೀಯ ಎನ್ನುತ್ತಾರೆ. ದನಿ ಏರುತ್ತಾ ಹೋಯಿತು, ಹುಬ್ಬು ಗಂಟಿಕ್ಕಿತು, ತುಟಿ ಇಳಿಬಿದ್ದು ನಡುಗಿತು, ಕಣ್ಣಿಂದ ಬಳಬಳನೆ ನೀರು ಸುರಿಯಿತು. ನಗು ಎಲ್ಲಿಯೂ ಇರಲಿಲ್ಲ. ವೈದ್ಯ ಸದಸ್ಯರು ಆಕೆಯ ಮುಖ ನೋಡಿದರು, ಗೋಡೆಯ ಪಟ ನೋಡಿದರು, ಮತ್ತೆ ಆಕೆಯ ಮುಖ ನೋಡಿದರು. "ಆರು," ಎಂದರು ಮೆಲ್ಲಗೆ. ಗುಮಾಸ್ತೆ ಆರು ಎಂದು ಟೈಪು ಮಾಡಿದಳು. ಅದು ನೋವಿನ ಮುಖವಲ್ಲ, ಸಿಟ್ಟಿನದು, ನನ್ನ ಮೇಲಿನ ಸಿಟ್ಟಿನದು ಎಂದು ಆ ಕೋಣೆಯಲ್ಲಿ ವಕೀಲೆಗೊಬ್ಬಳಿಗೇ ತಿಳಿದಿತ್ತು. ಅದನ್ನು ಹೇಳಬೇಕಾದ ಅಗತ್ಯವಿರಲಿಲ್ಲ, ಹೇಳುವ ಸ್ಥಿತಿಯಲ್ಲೂ ಅವಳಿರಲಿಲ್ಲ; ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದಳು.

ಅಧ್ಯಕ್ಷರು ಕುರ್ಚಿಯನ್ನು ಮೇಲೆತ್ತಿಕೊಂಡು ಅಲ್ಲೇ ಆದೇಶ ಹೇಳಿ ಬರೆಸಿದರು. ಅರ್ಜಿದಾರಳ ನೋವು ಸಂಶಯಕ್ಕೆ ಎಡೆಯಿಲ್ಲದಂತೆ ಕಂಡುಬಂದಿದೆ. ಇಂಜೆಕ್ಷನ್ನಿನ ವೆಚ್ಚವನ್ನು ಯೋಜನೆ ಭರಿಸತಕ್ಕದ್ದು. ತನ್ನ ಪರ ವಕೀಲೆಯ ಹೃದಯಹೀನ ವರ್ತನೆಯ ನಡುವೆಯೂ ಅರ್ಜಿದಾರಳು ತೋರಿದ ಧೈರ್ಯವನ್ನು ಮಂಡಳಿ ಮೆಚ್ಚುತ್ತದೆ. ಹೃದಯಹೀನ ಎಂಬ ಪದ ಒತ್ತಿ ಹೇಳುವಾಗ ಅವರು ಮತ್ತೆ ಇಳಿಯುತ್ತಿದ್ದರು, ಆದರೆ ವಕೀಲೆಯ ನಗು ಅಷ್ಟರಲ್ಲಿ ಸತ್ತುಹೋಗಿತ್ತು. ಈಗ ಅದು ಸುಮ್ಮನೆ ಕೆಟ್ಟುಹೋದ ಒಂದು ಕುರ್ಚಿ, ಅದನ್ನು ಸರಿಮಾಡಿಸಲು ಯಾರನ್ನೂ ಕೇಳಲಾರದ ಒಬ್ಬ ವಯಸ್ಸಾದ ಮನುಷ್ಯ, ಅಷ್ಟೇ. ಹೊರಗಿನ ಪಡಸಾಲೆಯಲ್ಲಿ ಆದೇಶದ ಪ್ರತಿಗಾಗಿ ಕಾಯಬೇಕಿತ್ತು. ಇಸ್ತ್ರಿಯಕ್ಕ ಬೆಂಚಿನ ಆ ತುದಿಯಲ್ಲಿ ಕೂತಳು. ವಕೀಲೆ ಈ ತುದಿಯಲ್ಲಿ ಕೂತಳು. ನಡುವಿನ ಖಾಲಿ ಜಾಗದಲ್ಲಿ ಯಾರೋ ಬಂದು ಕೂತು, ಇಬ್ಬರ ಮುಖವನ್ನೂ ನೋಡಿ, ಎದ್ದು ಹೋದರು. ಆಗ ಸಂಸ್ಥೆಯ ನಿರ್ದೇಶಕರ ಫೋನು ಬಂತು. ಏನಾಯಿತು ಎಂದು ಕೇಳಿದರು. ಗೆದ್ದೆವು ಎಂದಳು. ಹೇಗೆ ಎಂದರು. ಎದ್ದು ಕಂಬದ ಹಿಂದೆ ಹೋಗಿ, ತಗ್ಗಿದ ದನಿಯಲ್ಲಿ, ನಾನು ನಕ್ಕುಬಿಟ್ಟೆ ಸರ್, ಅವರಿಗೆ ಸಿಟ್ಟು ಬಂತು, ಅಳು ಬಂತು ಎಂದು ತಡವರಿಸಿದಳು. ನಿರ್ದೇಶಕರು ಗಟ್ಟಿಯಾಗಿ ನಕ್ಕು, ಇಂಥ ತಂತ್ರ ಇಷ್ಟು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ, ಬೇಕೆಂದೇ ಕೆರಳಿಸಿದೆ ಅಲ್ಲವೇ, ಮುಂದಿನ ತಿಂಗಳು ಹೊಸಬರಿಗೆ ಪಾಠ ಮಾಡಬೇಕು ನೀನು ಎಂದರು. ಅಲ್ಲ ಎನ್ನಲು ಬಾಯಿ ತೆರೆದಳು. ಹೃದಯಹೀನ ಎಂಬ ಪದ ಆದೇಶದ ಜೊತೆಗೆ ನಾಳೆ ಇವರ ಮೇಜಿಗೂ ಬರುತ್ತದೆ ಎಂದು ನೆನಪಾಯಿತು. "ಹೌದು ಸರ್," ಎಂದಳು. "ಬೇಕೂಂತಲೇ."

ಫೋನು ಇಟ್ಟು ತಿರುಗಿದರೆ ಇಸ್ತ್ರಿಯಕ್ಕ ಕಂಬದ ಪಕ್ಕದಲ್ಲೇ ನಿಂತಿದ್ದಳು, ಆದೇಶದ ಪ್ರತಿ ಕೈಗೆ ಬಂದಿದೆ, ಹೋಗೋಣವೇ ಎಂದು ಕೇಳಲು ಬಂದವಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆಕೆಯ ಮುಖದಲ್ಲಿ ಏನೋ ಸಡಿಲವಾಗುತ್ತಿತ್ತು, ಒಂದು ಆಸೆಯ ಹಾಗೆ. "ಬೇಕೂಂತ ನಕ್ಕಿದ್ದಾ?" ಎಂದಳು. ವಕೀಲೆ ಇನ್ನೊಮ್ಮೆ ಹೌದು ಎಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಇಸ್ತ್ರಿಯಕ್ಕ ತನ್ನ ನೋವಿನ ಜೊತೆ ಇಂಥ ಆಟವಾಡಿದ್ದಕ್ಕೆ ಸ್ವಲ್ಪ ಬೈದು, ಆಮೇಲೆ ಜಾಣೆ ಎಂದು ಮೆಚ್ಚಿ, ಹೋಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಹೌದು ಎನ್ನುವುದು ನಾಲಗೆಯ ತುದಿಯಲ್ಲಿತ್ತು, ಈಗಷ್ಟೇ ಬಳಸಿದ್ದರಿಂದ ಇನ್ನೂ ಬೆಚ್ಚಗಿತ್ತು. ಆದರೆ ಈ ಹೆಂಗಸಿಗೆ ತಾನು ಕಲಿಸಿದ ಸುಳ್ಳುಗಳು ಸಾಕು ಅನ್ನಿಸಿತೋ, ಅಥವಾ ತನ್ನನ್ನು ಅರ್ಥ ಮಾಡಿಕೊಳ್ಳಬಲ್ಲ ಜೀವ ಈ ಊರಿನಲ್ಲಿ ಇದೊಂದೇ ಅನ್ನಿಸಿತೋ, ಆ ಎರಡನೆಯದರಲ್ಲಿ ಎಷ್ಟು ಸ್ವಾರ್ಥವಿತ್ತೋ, ಅವಳಿಗೇ ಗೊತ್ತಾಗಲಿಲ್ಲ. "ಇಲ್ಲ," ಎಂದಳು. "ಅವರಿಗೆ ಹೇಳಿದ್ದು ಸುಳ್ಳು. ನನಗೆ ನಗು ಬಂದುಬಿಡ್ತು. ನಿಮ್ಮ ಮಾತಿಗಲ್ಲ. ತಡೀಬೇಕು ಅಂತ ಎಷ್ಟು ಒದ್ದಾಡಿದೆ, ತಾನಾಗೇ ಬಂದುಬಿಡ್ತು, ಅಕ್ಕಾ."

ಇಸ್ತ್ರಿಯಕ್ಕ ಅವಳನ್ನು ಬಹಳ ಹೊತ್ತು ನೋಡಿದಳು. ತಪಾಸಣೆಯ ವೈದ್ಯರು ಆಕೆಯನ್ನು ಹೀಗೆಯೇ ನೋಡಿರಬೇಕು, ಸಿಟ್ಟಿಲ್ಲದೆ, ಕೇವಲ ನಂಬಲಾಗದೆ. "ತಾನಾಗೇ ಅಂದ್ರೆ ಹೆಂಗೆ?" ಎಂದಳು. "ಒಬ್ರು ಕಷ್ಟ ಹೇಳ್ಕೋತಾ ಇದ್ರೆ ಯಾರಿಗಾದ್ರೂ ಸುಮ್ಮನೆ ನಗು ಬರುತ್ತಾ? ಒಳಗೆ ಏನಾದ್ರೂ ಇದ್ದರೆ ತಾನೇ ಬರೋದು." ಹಾಗೆಂದವಳಿಗೆ ತಾನು ಏನು ಹೇಳಿದೆ ಎಂಬುದು ಕಿವಿಗೆ ಬಿದ್ದಂತೆ ಕಾಣಲಿಲ್ಲ. ವಕೀಲೆ ಅದನ್ನು ತೋರಿಸಿಕೊಡಬಹುದಿತ್ತು. ಅವಳ ವೃತ್ತಿಯೇ ಅದು, ಎದುರಿನವರ ಮಾತನ್ನು ಎತ್ತಿ ಅವರ ಮುಂದೆಯೇ ಇಡುವುದು. ಇವತ್ತು ಇಡಲಿಲ್ಲ. ಇಸ್ತ್ರಿಯಕ್ಕ ಆದೇಶದ ಪ್ರತಿಯನ್ನು ಕೈಚೀಲದೊಳಗೆ ಇಟ್ಟುಕೊಂಡು, ಚೀಲವನ್ನು ಮೊಣಕೈಗೆ ನೇತುಹಾಕಿಕೊಂಡು, ಬಿರಬಿರನೆ ಪಡಸಾಲೆ ದಾಟಿ ಹೊರಬಾಗಿಲಿನತ್ತ ನಡೆದಳು. ಸ್ಪ್ರಿಂಗ್ ಹಾಕಿದ ಭಾರದ ಬಾಗಿಲು ಅದು. ಸಿಟ್ಟಿನಲ್ಲಿ ಆಕೆ ಭುಜ ಕೊಡುವುದನ್ನು ಮರೆತು ಅಂಗೈಯಿಂದ ತಳ್ಳಿದಳು; ಬಾಗಿಲು ಅರ್ಧ ಹೋಗಿ, ವಾಪಸು ಬಂದು, ಬೆರಳುಗಳನ್ನು ಹಿಂದಕ್ಕೆ ಮಡಚಿತು.

ಆಕೆ ನಗತೊಡಗಿದಳು. ಗೋಡೆಗೆ ಒರಗಿ, ಕೈಯನ್ನು ಎದೆಗೆ ಒತ್ತಿಕೊಂಡು, ಇಡೀ ಪಡಸಾಲೆ ತಿರುಗಿ ನೋಡುವಂತೆ ನಕ್ಕಳು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಕಾವಲುಗಾರ, ದಿನವಿಡೀ ಜೋಲು ಮುಖಗಳನ್ನೇ ಒಳಗೆ ಬಿಟ್ಟು ಹೊರಗೆ ಕಳಿಸಿ ಬೇಸತ್ತವನು, ಇದನ್ನು ಕಂಡು ತಾನೂ ಬಾಯಿ ತುಂಬ ನಕ್ಕ. "ಗೆದ್ದುಬಿಟ್ರಿ ಅಂತ ಕಾಣುತ್ತೆ," ಎಂದ. ಹೌದು ಎಂದು ಇಸ್ತ್ರಿಯಕ್ಕ ತಲೆಯಾಡಿಸಿದಳು, ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ನೋಡಿ, ಇಂಥ ಖುಷಿ ನೋಡಿ ಎಷ್ಟು ದಿನ ಆಗಿತ್ತು ಎಂದು ಅವನು ವಕೀಲೆಗೂ ಹೇಳಿದ. ಅದು ಖುಷಿ ಅಲ್ಲ ಎಂದಳು ವಕೀಲೆ. ಅವನು ಅವಳನ್ನೇ ವಿಚಿತ್ರವಾಗಿ ನೋಡಿದ. ಅವಳು ಹತ್ತಿರ ಹೋಗಿ, ಅಂಗೈ ಅಗಲಿಸಿ, ಮುಟ್ಟದೆ, ಅದುಮದೆ, ಸುಮ್ಮನೆ ಇಸ್ತ್ರಿಯಕ್ಕನ ಮುಂದೆ ಹಿಡಿದಳು. ಬೇಕಾದರೆ ಆ ಕೈಯನ್ನು ಇದರ ಮೇಲೆ ಇಡಲಿ ಎಂದು, ಬೇರೇನೂ ಮಾಡಲು ತೋಚದೆ. ಇಸ್ತ್ರಿಯಕ್ಕ ನಗುತ್ತಲೇ ಆ ಅಂಗೈಯನ್ನು ನೋಡಿದಳು. ನಗುತ್ತಲೇ ಮೊಣಕೈ ಬಗ್ಗಿಸಿ ಕೈಚೀಲವನ್ನು ಜಾರಿಸಿ ಅದರ ಮೇಲೆ ಬಿಟ್ಟಳು. "ಇದನ್ನ ಹಿಡ್ಕೊ," ಎಂದಳು, ಉಸಿರಿನ ನಡುವೆ. ಬಾಗಿಲನ್ನು ಕಾವಲುಗಾರ ತೆರೆದು ಹಿಡಿದ. ಆಕೆ ಮುಂದೆ ಇಳಿದಳು, ವಕೀಲೆ ಚೀಲವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಒಂದು ಮೆಟ್ಟಿಲು ಹಿಂದೆ ಇಳಿದಳು, ಯಾವ ಕಡೆಗೆ ಎಂದು ಕೇಳಲಿಲ್ಲ.